ಬೆಂಗಳೂರಿನ ಕಲಾ ಗ್ಯಾಲರಿಗಳನ್ನು ಈ ಚಳಿಗಾಲ ನೋಡುವುದು ಹೇಗೆ: ಮೊದಲ ಸಲ ಹೋಗುವವರಿಗೆ

ದಸರಾ ಮುಗಿದು ಚಳಿ ಬಿತ್ತೆಂದರೆ ನನಗೆ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. "ಈಗ ಬೆಂಗಳೂರಿನಲ್ಲಿ ನೋಡುವಂಥ ಪ್ರದರ್ಶನ ಯಾವುದಿದೆ?" "ಗ್ಯಾಲರಿಗೆ ಸುಮ್ಮನೆ ನುಗ್ಗಬಹುದಾ, ಆಮಂತ್ರಣ ಬೇಕಾ?" "ಹೋಗಿಬಂದೆ, ಏನೂ ಅರ್ಥವಾಗಲಿಲ್ಲ, ನನ್ನಂಥವರಿಗಲ್ಲವೇನೋ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಇದರಲ್ಲಿ ಪ್ರದರ್ಶನಗಳ ಪಟ್ಟಿ ಇಲ್ಲ. ಗ್ಯಾಲರಿಗಳಲ್ಲಿ ಕೃತಿಗಳು ಕೆಲವೇ ವಾರಗಳಿಗೊಮ್ಮೆ, ಕೆಲವು ಕಡೆ ಪ್ರತಿ ವಾರವೂ ಬದಲಾಗುತ್ತವೆ. ಪಟ್ಟಿ ನಂಬಿ ಹೋದವರು ಖಾಲಿ ಗೋಡೆ ನೋಡಿ ಬರುತ್ತಾರೆ. ಯಾವ ಜಾಗದಲ್ಲಿ ಯಾವ ಬಗೆಯ ಕಲೆ ಸಿಗುತ್ತದೆ, ಯಾವ ದಿನ ಹೋಗಬೇಕು, ಒಳಗೆ ಹೋದ ಮೇಲೆ ಹೇಗೆ ನೋಡಬೇಕು ಅನ್ನುವುದು ಗೊತ್ತಿದ್ದರೆ ಈ ಸೀಸನ್ ಮಾತ್ರವಲ್ಲ, ಮುಂದಿನದಕ್ಕೂ ಸಾಕಾಗುತ್ತದೆ.

ಬೇಕಾಗುವ ಸಾಮಾನು ಕಡಿಮೆ. ನಡೆಯಲು ಅನುಕೂಲವಾದ ಚಪ್ಪಲಿ ಅಥವಾ ಶೂ, ಸಣ್ಣ ಚೀಲ, ಒಂದು ಪುಟ್ಟ ನೋಟ್‌ಬುಕ್, ಪೆನ್ಸಿಲ್. ಪೆನ್ನು ಬೇಡ, ಕಾಗದದ ಕೃತಿಗಳ ಹತ್ತಿರ ಶಾಯಿ ಹಿಡಿದು ನಿಂತರೆ ಕಾವಲಿನವರಿಗೂ ಆತಂಕ, ನಿಮಗೂ ಆತಂಕ. ವಿಡಿಯೋ ಕೃತಿಗಳಿಗೆ ಕ್ಯೂಆರ್ ಕೋಡ್ ಮೂಲಕ ಧ್ವನಿ ಕೇಳಿಸುವ ಕಡೆಗಳೂ ಇರುತ್ತವೆ, ಅದಕ್ಕೊಂದು ಇಯರ್‌ಫೋನ್. ಅಷ್ಟೇ. ಕಲೆಯ ಬಗ್ಗೆ ಓದಿಕೊಂಡಿರಬೇಕೆಂದಿಲ್ಲ.

1. ಸೀಸನ್ ಎಂದರೇನು ಅಂತ ತಿಳಿದುಕೊಳ್ಳಿ

ಗ್ಯಾಲರಿಗಳು ವರ್ಷವಿಡೀ ತೆರೆದಿರುತ್ತವಾದರೂ ದೊಡ್ಡ, ತಯಾರಿ ಹೆಚ್ಚಿರುವ ಪ್ರದರ್ಶನಗಳು ಅಕ್ಟೋಬರಿನಿಂದ ಮಾರ್ಚ್ ನಡುವೆ ಬರುತ್ತವೆ. ಮಳೆಯ ತೇವದಲ್ಲಿ ಕಾಗದ, ಕ್ಯಾನ್ವಾಸು ಸಾಗಿಸುವುದು ಕಷ್ಟ. ಹೊರಊರಿನ, ಹೊರದೇಶದ ನೋಡುಗರು ಬರುವುದೂ ಈ ತಿಂಗಳುಗಳಲ್ಲೇ. ಜನವರಿಯ ಮೊದಲ ಭಾನುವಾರ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇರುವುದರಿಂದ ಅದರ ಹಿಂದುಮುಂದಿನ ವಾರಗಳಲ್ಲಿ ಊರಿನಲ್ಲಿ ಕಲೆಯದೇ ಓಡಾಟ.

ರಜೆಗೆ ಊರಿಗೆ ಬರುವ ಹೊರನಾಡಿನ ಕನ್ನಡಿಗರಿಗೆ ಒಂದು ಎಚ್ಚರಿಕೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೆಲವು ಖಾಸಗಿ ಗ್ಯಾಲರಿಗಳು ಬಾಗಿಲು ಹಾಕುತ್ತವೆ, ಇಲ್ಲವೇ ಹಳೆಯದನ್ನು ಇಳಿಸಿ ಹೊಸದನ್ನು ತೂಗುಹಾಕುವ ಕೆಲಸದಲ್ಲಿರುತ್ತವೆ. ಆ ವಾರ ಮ್ಯೂಸಿಯಮ್‌ಗಳನ್ನು ನೋಡಿ, ಗ್ಯಾಲರಿಗಳನ್ನು ಜನವರಿ ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಕೊಚ್ಚಿ ಬಗ್ಗೆಯೂ ಅನೇಕರು ಕೇಳುತ್ತಾರೆ. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ (ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಮೇಳ) ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಯ ಹಳೆಯ ಗೋದಾಮು, ಬಂಗಲೆಗಳಲ್ಲಿ ಹರಡಿಕೊಂಡಿರುತ್ತದೆ. ಅದು ನಡೆಯುವ ಚಳಿಗಾಲದಲ್ಲಿ ರಾತ್ರಿ ರೈಲು ಹಿಡಿದು ಹೋಗಲೇಬೇಕು, ಆದರೆ ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನದಲ್ಲಿ ಮುಗಿಸುತ್ತೇನೆಂದರೆ ಕಾಲುನೋವು ಮಾತ್ರ ಉಳಿಯುತ್ತದೆ.

2. ಜಾಗವನ್ನು ಅದರ ಸ್ವಭಾವ ನೋಡಿ ಆರಿಸಿ

ಎಲ್ಲ ಗ್ಯಾಲರಿಯೂ ಒಂದೇ ತರಹ ಅಂದುಕೊಳ್ಳುವುದು ಮೊದಲ ತಪ್ಪು. ಬೆಂಗಳೂರಿನಲ್ಲಿ ಸ್ಥೂಲವಾಗಿ ನಾಲ್ಕು ಬಗೆಯ ಜಾಗಗಳಿವೆ.

ಮೊದಲನೆಯದು ಸಾರ್ವಜನಿಕ ಮ್ಯೂಸಿಯಮ್. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎಲ್ಲರೂ ಎನ್‌ಜಿಎಂಎ ಅನ್ನುತ್ತಾರೆ, 2009ರಲ್ಲಿ ತೆರೆಯಿತು. ದೆಹಲಿ, ಮುಂಬೈ ಆದ ಮೇಲೆ ಮೂರನೆಯದು ನಮ್ಮದು. ಹಳೆಯ ಬಂಗಲೆ, ಅದಕ್ಕೆ ಹೊಂದಿಕೊಂಡ ಹೊಸ ಕಟ್ಟಡ, ಸುತ್ತ ದೊಡ್ಡ ಮರಗಳು. ಟಿಕೆಟ್ ದರ ಅತ್ಯಲ್ಪ. ಭಾರತದ ಆಧುನಿಕ ಕಲೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂತು ಅನ್ನುವ ಅಂದಾಜು ಬೇಕಾದವರು ಇಲ್ಲಿಂದಲೇ ಶುರುಮಾಡಿ. ನನ್ನ ಸಲಹೆ ಕೇಳಿದರೆ, ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಯಾರೂ ನಿಮ್ಮನ್ನು ಅವಸರಪಡಿಸುವುದಿಲ್ಲ, ಸುಸ್ತಾದರೆ ಮರದಡಿ ಕೂರಬಹುದು.

ಕಸ್ತೂರಬಾ ರಸ್ತೆಯ ಮ್ಯೂಸಿಯಮ್ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ಮ್ಯಾಪ್, 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. ಉಕ್ಕಿನ ನೀರಿನ ಟ್ಯಾಂಕುಗಳನ್ನು ನೆನಪಿಸುವ ಕಟ್ಟಡವನ್ನು ವಿನ್ಯಾಸ ಮಾಡಿದವರು ಬೆಂಗಳೂರಿನ ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು. ಫೋಟೋಗ್ರಫಿ, ಜವಳಿ, ಜನಪದ ಕಲೆ, ಸಿನಿಮಾ ಪೋಸ್ಟರು, ಇವೆಲ್ಲ ಒಂದೇ ಸೂರಿನಡಿ ಸಿಗುವುದು ಇದರ ವಿಶೇಷ. ವಯಸ್ಸಾದವರು, ಗಾಲಿಕುರ್ಚಿ ಬಳಸುವವರು ಜೊತೆಯಲ್ಲಿದ್ದರೆ ನಾನು ಮೊದಲು ಹೇಳುವ ಹೆಸರೂ ಇದೇ.

ಎರಡನೆಯದು ಬಾಡಿಗೆ ಗ್ಯಾಲರಿ. ಕಲಾವಿದರು ತಾವೇ ಬಾಡಿಗೆ ಕಟ್ಟಿ ಕೆಲವು ದಿನ ಪ್ರದರ್ಶನ ಮಾಡುವ ಜಾಗ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು ಇದಕ್ಕೆ ಮುಖ್ಯ ಉದಾಹರಣೆ. ಎಂ.ಜಿ. ರಸ್ತೆ ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡಿರುವ ರಂಗೋಲಿ ಕಲಾ ಕೇಂದ್ರದಲ್ಲೂ ಇಂಥ ಪ್ರದರ್ಶನಗಳು ನಡೆಯುತ್ತವೆ. ಇಲ್ಲಿ ಕಾಳು ಜೊಳ್ಳು ಎರಡೂ ಸಿಗುತ್ತವೆ. ಒಂದು ಕೋಣೆಯಲ್ಲಿ ಕ್ಯಾಲೆಂಡರಿನಂಥ ಕುದುರೆಗಳು, ಪಕ್ಕದ ಕೋಣೆಯಲ್ಲಿ ಕಲಬುರಗಿಯಿಂದಲೋ ಧಾರವಾಡದಿಂದಲೋ ಬಂದ ಹುಡುಗಿಯೊಬ್ಬಳ ಬೆರಗಾಗಿಸುವ ಕೆಲಸ. ಅದಕ್ಕಾಗಿಯೇ ನಾನು ಪರಿಷತ್ತಿಗೆ ಪದೇಪದೇ ಹೋಗುತ್ತೇನೆ. ಒಳ್ಳೆಯ ಅಂಶ ಇನ್ನೊಂದಿದೆ: ಕಲಾವಿದರೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಪರಿಷತ್ತಿಗೆ ಹೋದರೆ ಅದರ ಶಾಶ್ವತ ಸಂಗ್ರಹ ಬಿಡಬೇಡಿ. ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ (1904–1993) ಅವರ ಚಿತ್ರಗಳು, ತೊಗಲುಗೊಂಬೆಗಳು, ಮೈಸೂರು ಶೈಲಿಯ ಚಿತ್ರಗಳು ಅಲ್ಲಿವೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಪತ್ನಿ, ಚಿತ್ರನಟಿ ದೇವಿಕಾ ರಾಣಿಯವರೊಂದಿಗೆ ಬದುಕಿದ್ದ ರೋರಿಕ್ ಅವರೇ. ಆದರೆ ಎಚ್ಚರ: ಅಂಗಳದಲ್ಲಿ ಆಗಾಗ ಕರಕುಶಲ ಮೇಳ, ಸೀರೆ ಮೇಳ ನಡೆಯುತ್ತಿರುತ್ತದೆ. ಮೊದಲು ಮೇಳಕ್ಕೆ ಕಾಲಿಟ್ಟರೆ ಗ್ಯಾಲರಿ ಮುಚ್ಚುವ ಹೊತ್ತಾಗುತ್ತದೆ. ಗ್ಯಾಲರಿ ಮುಗಿಸಿ ಆಮೇಲೆ ಸೀರೆ.

ಮೂರನೆಯದು ಖಾಸಗಿ ವಾಣಿಜ್ಯ ಗ್ಯಾಲರಿ. ಇವರು ಆಯ್ದ ಕೆಲವು ಕಲಾವಿದರನ್ನು ವರ್ಷಗಟ್ಟಲೆ ಪ್ರತಿನಿಧಿಸುತ್ತಾರೆ, ಕೃತಿ ಮಾರಿದಾಗ ಪಾಲು ಪಡೆಯುತ್ತಾರೆ. ವಿಲ್ಸನ್ ಗಾರ್ಡನ್ನಿನ ಗ್ಯಾಲರಿ ಸುಮುಖ 1996ರಿಂದ ಈ ಕೆಲಸ ಮಾಡುತ್ತಿದೆ. ಪ್ರವೇಶ ಉಚಿತ. ಕರೆಗಂಟೆ ಒತ್ತಬೇಕಾದ ಬಾಗಿಲು, ಬಿಳಿ ಗೋಡೆ, ನಿಶ್ಶಬ್ದ ನೋಡಿ ಹಿಂಜರಿಯಬೇಡಿ. ಕೊಳ್ಳದೆ ನೋಡಿ ಹೋಗುವವರೇ ಅಲ್ಲಿಗೆ ಬರುವವರಲ್ಲಿ ಹೆಚ್ಚು, ಅದು ಅವರಿಗೂ ಗೊತ್ತು.

ನಾಲ್ಕನೆಯದು ಕಲಾವಿದರೇ ನಡೆಸುವ ಅಥವಾ ಸಂಸ್ಥೆಗಳ ಪ್ರಯೋಗದ ಜಾಗ. ಶಾಂತಿನಗರದ ವನ್ ಶಾಂತಿರೋಡ್ ಸ್ಟುಡಿಯೋ ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರ ಮನೆಯೂ ಹೌದು, ಗ್ಯಾಲರಿಯೂ ಹೌದು. ಅಂಗಳದ ಬಾದಾಮಿ ಮರದ ಸುತ್ತ ಕಟ್ಟಿದ್ದು. ಇಲ್ಲಿ ಪ್ರದರ್ಶನಗಳು ಕೆಲವೇ ದಿನ ಇರುತ್ತವೆ, ಆದ್ದರಿಂದ ಫೋನ್ ಮಾಡದೆ ಹೋಗಬೇಡಿ. ಬಳ್ಳಾರಿ ರಸ್ತೆಯ ಕಡೆ ಇರುವ ಸೈನ್ಸ್ ಗ್ಯಾಲರಿ ಬೆಂಗಳೂರಿನಲ್ಲಿ ವಿಜ್ಞಾನ ಮತ್ತು ಕಲೆ ಸೇರಿಸಿದ ಪ್ರದರ್ಶನಗಳು ತಿಂಗಳುಗಟ್ಟಲೆ ನಡೆಯುತ್ತವೆ, ಪ್ರವೇಶ ಉಚಿತ. ಕಾಲೇಜು ಹುಡುಗರನ್ನು ಕರೆದೊಯ್ಯಬೇಕೆಂದರೆ ಅದೇ ಸರಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗಳಲ್ಲೂ ಆಗಾಗ ಒಳ್ಳೆಯದು ಬರುತ್ತದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕರ್ನಾಟಕ ಲಲಿತಕಲಾ ಅಕಾಡೆಮಿಯನ್ನೂ ಮರೆಯಬೇಡಿ.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬಂಗಾಳದ ಚಿತ್ರಕಾರ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕನಾಲ್ ಜಲವರ್ಣಗಳು ಈ ಗ್ಯಾಲರಿಯ ಆಸ್ತಿ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಕೃತಿಗಳೂ ಇದರ ಸಂಗ್ರಹದಲ್ಲಿವೆ. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಇದರ ಕೋಣೆಗಳಲ್ಲೇ ಊರಿನ ಎಷ್ಟೋ ಕಲಾವಿದರು ಮೊದಲ ಪ್ರದರ್ಶನ ಮಾಡಿದರು. ಅದಕ್ಕೇ 2016ರಲ್ಲಿ ಇದನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಪ್ರಸ್ತಾಪ ಎದ್ದಾಗ ಅವರೆಲ್ಲ ಬೀದಿಗಿಳಿದರು. ನವೀಕರಣಕ್ಕೆಂದು ಮುಚ್ಚಿದ್ದ ಕಾಲವೂ ಇದೆ, ಹಾಗಾಗಿ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

3. ಶನಿವಾರ ಹೊರಡಿ

ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮ್ಯೂಸಿಯಮ್‌ಗಳಿಗೆ ಸೋಮವಾರ ರಜೆ. ಅನೇಕ ಖಾಸಗಿ ಗ್ಯಾಲರಿಗಳಿಗೆ ಭಾನುವಾರ ರಜೆ. ಕೆಲಸಕ್ಕೆ ಹೋಗುವವರಿಗೆ ಬಿಡುವೂ ಇದ್ದು, ಎರಡೂ ಬಗೆಯ ಬಾಗಿಲು ತೆರೆದಿರುವ ದಿನ ಶನಿವಾರ ಒಂದೇ. ಬೆಳಿಗ್ಗೆ ಹನ್ನೊಂದಕ್ಕೆ ಶುರುಮಾಡಿ. ಅದಕ್ಕಿಂತ ಮುಂಚೆ ಖಾಸಗಿ ಗ್ಯಾಲರಿಗಳಲ್ಲಿ ದೀಪವೇ ಹಾಕಿರುವುದಿಲ್ಲ.

ಹೋಗುವ ಹಿಂದಿನ ದಿನ ಇನ್‌ಸ್ಟಾಗ್ರಾಮ್ ಪುಟ ನೋಡಿ, ಆಮೇಲೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: "ನಾಳೆ ಪ್ರದರ್ಶನ ಇದೆಯಾ? ಎಷ್ಟು ಗಂಟೆವರೆಗೆ?" ಎರಡೂ ಮಾಡಬೇಕು. ಒಂದು ಸಲ ನಾನು ಊರಿನಿಂದ ಬಂದ ಅಕ್ಕನನ್ನು ಕರೆದುಕೊಂಡು ಒಂದು ಗ್ಯಾಲರಿಗೆ ಹೋದಾಗ, ಪುಟದಲ್ಲಿ ಇನ್ನೂ ಪ್ರದರ್ಶನದ ಪೋಸ್ಟರ್ ಇತ್ತು, ಒಳಗೆ ಏಣಿ ಹಾಕಿ ಗೋಡೆಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಆವತ್ತಿನಿಂದ ಫೋನ್ ಮಾಡದೆ ಹೊರಟಿಲ್ಲ.

ಮೊಬೈಲಿಗೆ ಅಂಟಿಕೊಳ್ಳದವರಿಗೆ ಕನ್ನಡ ದಿನಪತ್ರಿಕೆಗಳ ನಗರ ಕಾರ್ಯಕ್ರಮಗಳ ಅಂಕಣ ಈಗಲೂ ಒಳ್ಳೆಯ ದಾರಿ. ಬಾಡಿಗೆ ಗ್ಯಾಲರಿಗಳ ಪ್ರದರ್ಶನಗಳು ಅಲ್ಲೇ ಮೊದಲು ಕಾಣುತ್ತವೆ.

4. ಒಂದು ದಿನಕ್ಕೆ ಎರಡೇ ಜಾಗ

ಇದರಲ್ಲಿ ನಾನು ಹಟ ಬಿಡುವುದಿಲ್ಲ. ಕಣ್ಣಿಗೂ ಹೊಟ್ಟೆಯಂತೆ ಮಿತಿ ಇದೆ. ಎರಡು ಗಂಟೆ ಗಮನವಿಟ್ಟು ನೋಡಿದ ಮೇಲೆ ಎಂಥ ಕೃತಿಯೂ ಗೋಡೆಯ ಮೇಲಿನ ಬಣ್ಣವಾಗಿ ಮಾತ್ರ ಕಾಣುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಐದು ಗ್ಯಾಲರಿ ಸುತ್ತುವ ಯೋಜನೆ ಹಾಕಿದರೆ ದಿನದ ಹೆಚ್ಚು ಭಾಗ ಆಟೋದಲ್ಲೇ ಕಳೆಯುತ್ತದೆ.

ಹತ್ತಿರ ಹತ್ತಿರದ ಜೋಡಿಗಳು ಹೀಗಿವೆ. ಎನ್‌ಜಿಎಂಎ ಮತ್ತು ಚಿತ್ರಕಲಾ ಪರಿಷತ್ತು: ನಡುವೆ ಗಾಲ್ಫ್ ಮೈದಾನದ ಬದಿಯ ದಾರಿ, ಆಟೋದಲ್ಲಿ ಕೆಲವೇ ನಿಮಿಷ. ಮ್ಯಾಪ್ ಮತ್ತು ರಂಗೋಲಿ: ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದೇ ಮ್ಯಾಪ್ ನೋಡಿ, ಮುಂದಿನ ನಿಲ್ದಾಣವಾದ ಎಂ.ಜಿ. ರಸ್ತೆಗೆ ಬಂದರೆ ರಂಗೋಲಿ ಅಲ್ಲೇ. ವೆಂಕಟಪ್ಪ ಗ್ಯಾಲರಿ ತೆರೆದಿದ್ದರೆ ರಂಗೋಲಿಯ ಬದಲು ಅದನ್ನು ಸೇರಿಸಿಕೊಳ್ಳಿ. ವನ್ ಶಾಂತಿರೋಡ್ ಮತ್ತು ಸುಮುಖ: ಶಾಂತಿನಗರ, ವಿಲ್ಸನ್ ಗಾರ್ಡನ್ ಪಕ್ಕಪಕ್ಕದ ಬಡಾವಣೆಗಳು.

ಸೈನ್ಸ್ ಗ್ಯಾಲರಿಯನ್ನು ಯಾವುದರ ಜೊತೆಗೂ ಸೇರಿಸಬೇಡಿ. ಅದಕ್ಕೇ ಅರ್ಧ ದಿನ ಬೇಕು.

5. ಒಳಗೆ ಕಾಲಿಟ್ಟ ಮೇಲೆ

ಬಾಗಿಲಲ್ಲಿ ಸಂದರ್ಶಕರ ಪುಸ್ತಕವಿದ್ದರೆ ಹೆಸರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅನೇಕ ಖಾಸಗಿ ಗ್ಯಾಲರಿಗಳಲ್ಲಿ ಗೋಡೆ ಬರಹ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಬೆಂಗಳೂರಿನಲ್ಲೇ ಹೀಗಿರುವುದು ನನಗೆ ಪ್ರತಿ ಸಲವೂ ನೋವು ಕೊಡುತ್ತದೆ. ಕನ್ನಡದಲ್ಲಿ ಓದುವ ನೋಡುಗರಿದ್ದಾರೆ ಎಂದು ಅವರಿಗೆ ತಿಳಿಯುವುದು ಆ ಪುಸ್ತಕದಿಂದಲೇ.

ದೊಡ್ಡ ಚೀಲವಿದ್ದರೆ ಕೌಂಟರಿನಲ್ಲಿ ಬಿಡಿ. ಬೆನ್ನಿಗೆ ಹಾಕಿದ ಬ್ಯಾಗು ನಿಮಗೆ ಕಾಣುವುದಿಲ್ಲ, ಹಿಂದಿನ ಶಿಲ್ಪಕ್ಕೆ ತಾಗುತ್ತದೆ. ಸೆಲ್ಫಿಗೆಂದು ಹಿಂದೆ ಹಿಂದೆ ಹೆಜ್ಜೆ ಇಡುವುದು ಇನ್ನೂ ಅಪಾಯ. ಫೋಟೋ ತೆಗೆಯಬಹುದಾ ಎಂದು ಕೇಳಿ, ಫ್ಲ್ಯಾಶ್ ಮಾತ್ರ ಎಲ್ಲೂ ಬೇಡ. ಮುಟ್ಟಬೇಡಿ ಅನ್ನುವುದಕ್ಕೆ ಕಾರಣವೂ ತಿಳಿದಿರಲಿ: ಬೆರಳಿನ ಎಣ್ಣೆ, ಬೆವರು ಕಾಗದದಲ್ಲಿ ತಕ್ಷಣ ಕಾಣದಿದ್ದರೂ ವರ್ಷಗಳು ಕಳೆದ ಮೇಲೆ ಮಚ್ಚೆಯಾಗಿ ಏಳುತ್ತದೆ, ಲೋಹದ ಮೇಲೆ ತುಕ್ಕಿನ ಗುರುತಾಗುತ್ತದೆ.

ಕತ್ತಲೆ ಕೋಣೆಯಲ್ಲಿ ವಿಡಿಯೋ ಇದ್ದರೆ ಹೊಸಿಲಲ್ಲಿ ಒಂದು ಕ್ಷಣ ನಿಂತು ಕಣ್ಣು ಹೊಂದಿಸಿಕೊಂಡು ಒಳಗೆ ಹೋಗಿ. ಅದರ ಅವಧಿ ಹೊರಗಿನ ಚೀಟಿಯಲ್ಲಿ ಬರೆದಿರುತ್ತದೆ. ಎಂಟು ನಿಮಿಷದ್ದಾದರೆ ಎಂಟು ನಿಮಿಷ ಕೂತು ನೋಡಿ. ನಡುವೆ ಬಂದು ಅರ್ಧ ನಿಮಿಷ ನೋಡಿ ಹೊರಟವರಿಗೆ ಅದು ಅರ್ಥವಾಗದಿದ್ದರೆ ತಪ್ಪು ಕೃತಿಯದಲ್ಲ.

6. ನೋಡುವ ಕ್ರಮ

ಮೊದಲ ಐದು ನಿಮಿಷ ಏನನ್ನೂ ಓದಬೇಡಿ. ಇಡೀ ಕೋಣೆಯನ್ನು ಒಂದು ಸುತ್ತು ಬೇಗಬೇಗ ಹಾಕಿ. ಯಾವುದೋ ಒಂದು ಕೃತಿ ನಿಮ್ಮನ್ನು ತಡೆದು ನಿಲ್ಲಿಸುತ್ತದೆ, ಇಷ್ಟವಾಗಿಯೋ ಸಿಟ್ಟು ಬರಿಸಿಯೋ. ಅದನ್ನು ಗುರುತಿಟ್ಟುಕೊಂಡು ಎರಡನೇ ಸುತ್ತಿನಲ್ಲಿ ಅದರ ಬಳಿ ಹತ್ತು ನಿಮಿಷ ನಿಲ್ಲಿ. ಉಳಿದವನ್ನು ಅಲ್ಲಿಂದ ಮುಂದೆ ನೋಡಿಕೊಳ್ಳಬಹುದು.

ಮೂರು ದೂರದಿಂದ ನೋಡಿ. ಹತ್ತು ಅಡಿ ದೂರದಿಂದ ಕೃತಿಯ ಒಟ್ಟು ಕಟ್ಟು ಕಾಣುತ್ತದೆ. ನಾಲ್ಕು ಅಡಿಯಿಂದ ಏನಿದೆ, ಯಾರಿದ್ದಾರೆ ಅನ್ನುವುದು. ಒಂದು ಮೊಳದಿಂದ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರೆ ಹೇಗೆ ಮಾಡಿದ್ದಾರೆ ಅನ್ನುವುದು. ಜಲವರ್ಣದ ಹತ್ತಿರ ಹೋದಾಗ ಬೆಳಕು ಬಿದ್ದಿರುವ ಜಾಗವನ್ನು ಹುಡುಕಿ. ಅಲ್ಲಿ ಬಿಳಿ ಬಣ್ಣ ಇರುವುದಿಲ್ಲ, ಬಣ್ಣ ಹಚ್ಚದೆ ಬಿಟ್ಟ ಕಾಗದವೇ ಇರುತ್ತದೆ. ಮಂಜನ್ನು ಬರೆಯಬೇಕಾದವನು ಎಲ್ಲಿ ಕುಂಚ ಇಡಬಾರದು ಎಂದು ಮೊದಲೇ ತೀರ್ಮಾನಿಸಿರಬೇಕು. ಇದೊಂದು ಕಂಡರೆ ವೆಂಕಟಪ್ಪನವರ ಬೆಟ್ಟಗಳ ಮುಂದೆ ನೀವು ನಿಲ್ಲುವ ರೀತಿಯೇ ಬದಲಾಗುತ್ತದೆ.

ಈಗ ಕೃತಿಯ ಪಕ್ಕದ ಚೀಟಿ ಓದಿ. ಹೆಸರಿಗಿಂತ ಮೊದಲು ಮಾಧ್ಯಮದ ಸಾಲು ಓದಿ, ಅಂದರೆ ಕೃತಿಯನ್ನು ಯಾವುದರಿಂದ ಮಾಡಿದ್ದಾರೆ ಅನ್ನುವ ಸಾಲು. ಸಮಕಾಲೀನ ಕಲೆಯಲ್ಲಿ ಅರ್ಧ ಮಾತು ಅಲ್ಲೇ ಇರುತ್ತದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ 2009ರ 'ಬಿಹೋಲ್ಡ್' ಕೃತಿಯನ್ನೇ ತೆಗೆದುಕೊಳ್ಳಿ. ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಚೀಟಿ ಹೇಳುವುದು ಇಷ್ಟೇ: ಮಾನವ ಕೂದಲು, ಉಕ್ಕು. ದೂರದಿಂದ ನೋಡಿದರೆ ಗೋಡೆಯ ತುಂಬ ಕಪ್ಪು ಹಗ್ಗದ ರಾಶಿ, ಅದರಲ್ಲಿ ಸಿಕ್ಕಿಕೊಂಡು ತೂಗುವ ಹೊಳೆಯುವ ಕಾರಿನ ಬಂಪರುಗಳು. ಲಂಡನ್ನಿನವರಿಗೆ ಇದನ್ನು ವಿವರಿಸಿ ಹೇಳಬೇಕು. ನಮಗೆ ಬೇಕಿಲ್ಲ. ಹೊಸ ಗಾಡಿಯ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲಿನ ಹಗ್ಗವನ್ನು ನಾವು ಸಿಗ್ನಲ್ಲಿನಲ್ಲಿ ನೋಡಿದ್ದೇವೆ. ಆ ಕೂದಲು ಹರಕೆಯ ಮುಡಿಯಿಂದ ಬಂದದ್ದೆಂದೂ ಗೊತ್ತು. ಯಾರದೋ ಹರಕೆ, ಇನ್ಯಾರದೋ ಕಾರಿನ ರಕ್ಷೆ. ಕೂದಲಿನ ಎಳೆ ಉಕ್ಕಿನ ಭಾರವನ್ನು ಹೊತ್ತು ನಿಂತಿದೆ. ಕಲಾ ಸಿದ್ಧಾಂತ ಓದಿಲ್ಲ ಎಂದು ಹಿಂಜರಿಯುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ. ನಿಮ್ಮ ಬೀದಿಯಲ್ಲಿ ನೀವು ಕಂಡಿರುವುದು ಗ್ಯಾಲರಿಯಲ್ಲಿ ಕೆಲಸಕ್ಕೆ ಬರುತ್ತದೆ.

ಅವರದೇ ಇನ್ನೊಂದು ಕೃತಿ, 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' (ನನ್ನ ನೋವನ್ನು ಅವನಿಗೆ ಹೇಳು). ಉದ್ದುದ್ದ ದಾರಗಳನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಒಟ್ಟು ಸೇರಿಸಿ, ಕುಂಕುಮ ಕಲಸಿದ ಅಂಟಿನಿಂದ ಹಗ್ಗವಾಗಿಸಿದ್ದಾರೆ. ನೆಲದ ಮೇಲೆ, ಗೋಡೆಯ ಮೇಲೆ ಕೆಂಪಗೆ ಹರಿದು ಬರುವ ಆ ಹಗ್ಗವನ್ನು ಕಣ್ಣಿನಿಂದ ಹಿಂಬಾಲಿಸುತ್ತ ಹೋದರೆ ತುದಿಯಲ್ಲಿ ಸೂಜಿಗಳ ಗೊಂಚಲು. ಆಗ ಹೆಸರು ಓದಿ. ಹೆಸರನ್ನು ಕೊನೆಗೆ ಓದಿ ಎಂದು ನಾನು ಹೇಳುವುದು ಇದಕ್ಕೇ.

ಕೆಲವು ಕೃತಿಗಳು ನಿಮಗೆ ಆಗಲೇ ಗೊತ್ತಿರುವ ಇನ್ನೊಂದು ಚಿತ್ರದ ಜೊತೆ ಮಾತಾಡುತ್ತಿರುತ್ತವೆ. ಬೆಂಗಳೂರಿನ ಎನ್. ಪುಷ್ಪಮಾಲಾ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಫೋಟೋ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯ ವೇಷ ಹಾಕಿ ತಾವೇ ನಿಲ್ಲುತ್ತಾರೆ. ನಮ್ಮ ದೇವರ ಕೋಣೆಯ ಚಿತ್ರಪಟವನ್ನು ನೆನಪಿಗೆ ತಂದುಕೊಂಡು ಪಕ್ಕಪಕ್ಕ ಇಟ್ಟು ನೋಡಿ: ಹಿನ್ನೆಲೆಯ ಪರದೆ, ಆ ನೋಟ, ನಿಜವಾದ ಹೆಂಗಸಿನ ಮೈ. ಮೈಸೂರಿನ ಎನ್.ಎಸ್. ಹರ್ಷ ಸಾಲುಸಾಲು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನರನ್ನು ಕೂರಿಸಿ ಬರೆದ 'ಕಮ್ ಗಿವ್ ಅಸ್ ಎ ಸ್ಪೀಚ್' (ಬನ್ನಿ, ನಮಗೊಂದು ಭಾಷಣ ಮಾಡಿ) ನೋಡುವಾಗ ನಮ್ಮೂರಿನ ಸಭೆ, ಮದುವೆ ಮಂಟಪಗಳೇ ಕೀಲಿಕೈ. ಇಂಥ ಕೃತಿಯ ಮುಂದೆ ಒಂದೊಂದು ಸಾಲನ್ನೂ ಓದುವಂತೆ ನೋಡಿ, ಒಬ್ಬೊಬ್ಬರೂ ಬೇರೆ ಬೇರೆ.

7. ಗೋಡೆಯ ಮೇಲೆ ಕಾಣುವ ಪದಗಳು

ಕ್ಯುರೇಟರ್ ಎಂದರೆ ಯಾವ ಕೃತಿಗಳನ್ನು ಆರಿಸಬೇಕು, ಯಾವುದರ ಪಕ್ಕ ಯಾವುದು ಇರಬೇಕು ಎಂದು ತೀರ್ಮಾನಿಸಿ ಪ್ರದರ್ಶನ ಕಟ್ಟುವವರು. ಏಕವ್ಯಕ್ತಿ ಪ್ರದರ್ಶನ, ಸಮೂಹ ಪ್ರದರ್ಶನ ಹೆಸರಿನಲ್ಲೇ ತಿಳಿಯುತ್ತವೆ. ಸಿಂಹಾವಲೋಕನ ಎಂದಿದ್ದರೆ ಒಬ್ಬ ಕಲಾವಿದರ ಹಲವು ದಶಕಗಳ ಕೆಲಸ ಒಟ್ಟಿಗೆ ಇರುತ್ತದೆ; ಅಂಥದ್ದು ಊರಿಗೆ ಬಂದರೆ ಬೇರೆಲ್ಲ ಬಿಟ್ಟು ಅದಕ್ಕೆ ಹೋಗಿ. ಪ್ರತಿಷ್ಠಾಪನಾ ಕಲೆ ಅಥವಾ ಇನ್‌ಸ್ಟಲೇಷನ್ ಎಂದರೆ ಗೋಡೆಗೆ ತೂಗುಹಾಕದೆ ಇಡೀ ಜಾಗವನ್ನೇ ಕೃತಿಯಾಗಿಸುವುದು, ನೀವು ಅದರೊಳಗೆ ನಡೆಯುತ್ತೀರಿ. ಮಿಶ್ರ ಮಾಧ್ಯಮ ಎಂದರೆ ಬಣ್ಣದ ಜೊತೆ ಬಟ್ಟೆ, ಮರಳು, ಪತ್ರಿಕೆ ಚೂರು ಏನಾದರೂ ಸೇರಿರುವುದು. ವಾಕ್‌ಥ್ರೂ ಎಂದರೆ ಕಲಾವಿದರು ಅಥವಾ ಕ್ಯುರೇಟರ್ ಜೊತೆಯಲ್ಲೇ ನಡೆದು ವಿವರಿಸುವುದು. ಕನ್ನಡದಲ್ಲಿ ವಾಕ್‌ಥ್ರೂ ಇದೆಯಾ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ, ಕೇಳುವವರಿದ್ದರೆ ಮಾಡುತ್ತಾರೆ.

ಮುದ್ರಣ ಕಲೆ ಅಥವಾ ಫೋಟೋದ ಕೆಳಗೆ 3/10 ಎಂದಿದ್ದರೆ ಅದು ದಿನಾಂಕವಲ್ಲ. ಹತ್ತು ಪ್ರತಿ ಮಾತ್ರ ತೆಗೆದಿದ್ದಾರೆ, ಅದರಲ್ಲಿ ಇದು ಮೂರನೆಯದು ಎಂದರ್ಥ. ಚೀಟಿಯ ಪಕ್ಕ ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ.

ಇನ್ನು ಗೋಡೆಯ ಆರಂಭದಲ್ಲಿರುವ ಉದ್ದನೆಯ ಪರಿಕಲ್ಪನಾ ಟಿಪ್ಪಣಿ. ಅದನ್ನು ಕೊನೆಯಲ್ಲಿ ಓದಿ. ಚೆನ್ನಾಗಿ ಬರೆದಿದ್ದರೆ ನೀವು ನೋಡಿದ್ದಕ್ಕೆ ಇನ್ನಷ್ಟು ಸೇರುತ್ತದೆ. ಎರಡು ಸಲ ಓದಿದರೂ ತಲೆಗೆ ಹತ್ತದಿದ್ದರೆ ಬಿಟ್ಟುಬಿಡಿ. ಬರಹ ಕ್ಲಿಷ್ಟವಾಗಿದ್ದ ಮಾತ್ರಕ್ಕೆ ಕೃತಿ ನಿಮ್ಮದಲ್ಲ ಎಂದಾಗುವುದಿಲ್ಲ.

8. ಉದ್ಘಾಟನೆಗೆ ಹೋಗಬೇಕೇ?

ಹೋಗಬಹುದು. ಬಹುತೇಕ ಉದ್ಘಾಟನೆಗಳು ಎಲ್ಲರಿಗೂ ತೆರೆದಿರುತ್ತವೆ. ಕಲಾವಿದರನ್ನು ಕಾಣಲು ಅದು ಒಳ್ಳೆಯ ಸಂಜೆ, ಕೃತಿಯನ್ನು ಕಾಣಲು ಅಲ್ಲ. ಪ್ರತಿ ಚಿತ್ರದ ಮುಂದೆ ನಾಲ್ಕು ಬೆನ್ನುಗಳಿರುತ್ತವೆ. ಉದ್ಘಾಟನೆಗೆ ಹೋದರೆ ಮತ್ತೊಂದು ಮಧ್ಯಾಹ್ನ ಖಾಲಿ ಹೊತ್ತಿನಲ್ಲಿ ಬನ್ನಿ.

ಕಲಾವಿದರ ಎದುರು ಏನು ಮಾತಾಡುವುದೆಂದು ತೋಚದಿದ್ದರೆ "ಇದರ ಅರ್ಥವೇನು?" ಎಂದು ಕೇಳಬೇಡಿ, ಅದಕ್ಕೆ ಸಿದ್ಧ ಉತ್ತರವೇ ಬರುತ್ತದೆ. "ಇದನ್ನು ಯಾವುದರಿಂದ ಶುರುಮಾಡಿದಿರಿ?" "ಯಾವಾಗ ನಿಲ್ಲಿಸಬೇಕೆಂದು ಹೇಗೆ ಗೊತ್ತಾಯಿತು?" ಎಂದು ಕೇಳಿ ನೋಡಿ. ಗಂಟೆಗಟ್ಟಲೆ ಮಾತಾಡುತ್ತಾರೆ.

9. ಕೊಳ್ಳುವ ಮನಸ್ಸಾದರೆ

ಬೆಲೆ ಗೋಡೆಯ ಮೇಲೆ ಇರುವುದಿಲ್ಲ. ದರಪಟ್ಟಿ ಕೌಂಟರಿನಲ್ಲಿರುತ್ತದೆ, ಕೇಳಿದರೆ ಕೊಡುತ್ತಾರೆ, ಕೇಳಿದ್ದಕ್ಕೆ ಕೊಳ್ಳಲೇಬೇಕೆಂದಿಲ್ಲ. ಚೌಕಟ್ಟು, ತೆರಿಗೆ, ಸಾಗಣೆ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿ. ಚೀಟಿಯಲ್ಲಿ ಅಳತೆ 48 × 60 ಎಂದಿದ್ದರೆ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ಮನೆಯ ಗೋಡೆ ಅಳೆದುಕೊಂಡೇ ಹೋಗಿ. ರಸೀದಿ, ಕಲಾವಿದರ ಸಹಿ ಇರುವ ಪ್ರಮಾಣಪತ್ರ ಎರಡನ್ನೂ ಪಡೆಯಿರಿ. ತಂದ ಮೇಲೆ ನೇರ ಬಿಸಿಲು ಬೀಳುವ ಗೋಡೆಗೂ, ಬಚ್ಚಲಮನೆಯ ತೇವ ಹಾಯುವ ಗೋಡೆಗೂ ಹಾಕಬೇಡಿ.

10. ಚಿತ್ರಸಂತೆಗೆ ಹೋಗುವವರಿಗೆ

ಗ್ಯಾಲರಿಯ ಮೌನ ಒಗ್ಗದವರಿಗೆ ಇದೇ ಹಬ್ಬ. ಜನವರಿಯ ಆ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಎರಡೂ ಬದಿಗೆ ದೇಶದ ಹಲವು ರಾಜ್ಯಗಳ ಸಾವಿರಕ್ಕೂ ಹೆಚ್ಚು ಕಲಾವಿದರು ಕೃತಿಗಳನ್ನು ಜೋಡಿಸಿ ಕೂರುತ್ತಾರೆ. ನೂರಾರು ರೂಪಾಯಿಯಿಂದ ಲಕ್ಷದವರೆಗಿನ ಬೆಲೆ. ಇಲ್ಲಿ ಗ್ಯಾಲರಿಯವರ ಪಾಲಿಲ್ಲ, ದುಡ್ಡು ನೇರ ಬರೆದವರ ಕೈಗೆ ಹೋಗುತ್ತದೆ. ಹಾಗಾಗಿ ತರಕಾರಿ ಮಾರ್ಕೆಟ್ಟಿನಂತೆ ಅರ್ಧ ಬೆಲೆಗೆ ಕೇಳಬೇಡಿ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸವನ್ನು ರಾತ್ರಿ ಬಸ್ಸಿನಲ್ಲಿ ತಂದವರಿದ್ದಾರೆ.

ಕಾರು ಮನೆಯಲ್ಲೇ ಬಿಡಿ. ಹಸಿರು ಮಾರ್ಗದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಬಸ್ಸಿನಲ್ಲೋ ಆಟೋದಲ್ಲೋ ಬನ್ನಿ. ಒಂಬತ್ತು ಗಂಟೆಯೊಳಗೆ ತಲುಪಿದರೆ ಕಲಾವಿದರು ಇನ್ನೂ ಚಿತ್ರಗಳನ್ನು ಬಿಚ್ಚುತ್ತಿರುತ್ತಾರೆ, ರಸ್ತೆಯ ನೆರಳು ತಣ್ಣಗಿರುತ್ತದೆ, ನಿಂತು ಮಾತಾಡಲು ಅವರಿಗೂ ಬಿಡುವಿರುತ್ತದೆ. ಹನ್ನೊಂದರ ಮೇಲೆ ಜನಪ್ರವಾಹ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಟ್ಟಿರಿ. ಗದ್ದಲದಲ್ಲಿ ಯುಪಿಐ ಕೈಕೊಡುವುದುಂಟು, ಸ್ವಲ್ಪ ನಗದು ಇರಲಿ. ಕೊಂಡ ಚಿತ್ರವನ್ನು ಸುರುಳಿ ಸುತ್ತಿ ಒಯ್ಯಲು ಮನೆಯಿಂದಲೇ ಒಂದು ರಟ್ಟಿನ ಕೊಳವೆ ತನ್ನಿ, ಬಣ್ಣದ ಬದಿ ಹೊರಗಿರುವಂತೆ ಸುತ್ತಲು ಕಲಾವಿದರಿಗೇ ಹೇಳಿ. ಬಣ್ಣ ಒಳಗಾಗುವಂತೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟುತ್ತದೆ.